ಎಷ್ಟು ಒಗೆತ ಬರುತ್ತೆ?

ಅಂಗಡಿಗೆ ಬಂದವರು ಮೊದಲು ಕೇಳುವುದು ರೇಟು. ಆಮೇಲೆ ಕೇಳುವುದು, ‘ಎಷ್ಟು ಒಗೆತ ಬರುತ್ತೆ?’ ಕಾಲೇಜು ಫೆಸ್ಟಿನವರು, ಗಣಪತಿ ಕೂರಿಸುವ ಹುಡುಗರು, ಅಕ್ಟೋಬರ್ ಕೊನೆಯ ವಾರ ಹಳದಿ-ಕೆಂಪು ಶರ್ಟು ನಾಳೆಯೇ ಬೇಕೆಂದು ಓಡಿ ಬರುವ ರಾಜ್ಯೋತ್ಸವ ಸಮಿತಿಯವರು, ಮದುವೆಗೆ ಮುಂಚೆ ಗೋವಾಕ್ಕೆ ಹೊರಟ ಸ್ನೇಹಿತರ ಗುಂಪು, ಎಲ್ಲರದೂ ಇದೇ ಪ್ರಶ್ನೆ. ಒಂದೇ ದಿನ ಹಾಕಿ ಬೀರು ಸೇರುವ ಬಟ್ಟೆಗೂ ನೂರು ಒಗೆತದ ಭರವಸೆ ಬೇಕು. ಫುಲ್ ಕಲರ್ ಬೇಕು, ಫೋಟೊ ಇದ್ದ ಹಾಗೇ ಬರಬೇಕು, ಬಣ್ಣ ಹೋಗಬಾರದು. ಬೆಲೆ ಮಾತ್ರ ಹೋದ ವರ್ಷದ್ದೇ ಇರಬೇಕು.

ಇದಕ್ಕೆ ಅಂಗಡಿಯವನ ಉತ್ತರ ಒಂದಿದೆ, ಅದನ್ನು ಕೊಡುತ್ತೇನೆ. ಆದರೆ ಪ್ರಿಂಟಿಂಗ್‌ಗೆ ಬರುವ ಮುಂಚೆ ನಾನು ಮೈಸೂರಿನಲ್ಲಿ ಕೆಲವು ವರ್ಷ ತರ್ಕ ಓದಿದವನು. ತರ್ಕ ಓದಿದವನ ಬೆನ್ನನ್ನು ಎರಡು ವಸ್ತುಗಳು ಜೀವಮಾನವಿಡೀ ಬಿಡುವುದಿಲ್ಲ: ಘಟ ಮತ್ತು ಪಟ. ಎಲ್ಲ ಉದಾಹರಣೆಗೂ ಅದೇ ಮಡಕೆ, ಅದೇ ಬಟ್ಟೆ. ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ನಾನು ಮಡಕೆ ಬಿಟ್ಟು ಬಟ್ಟೆ ಹಿಡಿದೆ, ಅಷ್ಟೆ. ಹಾಗಾಗಿ ಹುಡುಗರು ಬಾಳಿಕೆ ಕೇಳಿದಾಗಲೆಲ್ಲ ನನ್ನ ಕಿವಿಗೆ ಬೇರೆ ಪ್ರಶ್ನೆಯೇ ಕೇಳಿಸುತ್ತದೆ: ಬಣ್ಣ ಬಟ್ಟೆಯಲ್ಲಿ ಇರುವುದು ಹೇಗೆ? ಇರುವ ಬಗೆ ಗೊತ್ತಾದರೆ ಹೋಗುವ ಬಗೆ ತಾನಾಗಿ ಗೊತ್ತಾಗುತ್ತದೆ.

ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ ಇವತ್ತಿಗೂ ಪಾಠಶಾಲೆಗಳಲ್ಲಿ ಮೊದಲ ಪುಸ್ತಕ. ಅದರ ಪ್ರಕಾರ ನೂಲು ಬಟ್ಟೆಗೆ ಸಮವಾಯಿ ಕಾರಣ. ನೂಲಿನ ಬಣ್ಣ ಬಟ್ಟೆಯ ಬಣ್ಣಕ್ಕೆ ಅಸಮವಾಯಿ ಕಾರಣ. ಲಾಳಿ, ಮಗ್ಗ ಮೊದಲಾದವು ನಿಮಿತ್ತ ಕಾರಣ. ಅಂದರೆ ಬಟ್ಟೆಯ ಬಣ್ಣ ಕೆಳಗಿನಿಂದ, ನೂಲಿನಿಂದ ಏರಿ ಬರಬೇಕು. ನನ್ನ ಅಂಗಡಿಯಲ್ಲಿ ಬಣ್ಣ ಮೇಲಿನಿಂದ ಇಳಿಯುತ್ತದೆ. (ಟಿ-ಶರ್ಟು ನೇಯ್ದದ್ದಲ್ಲ, ಹೆಣೆದದ್ದು, ಮಗ್ಗದ ಉದಾಹರಣೆ ಇಲ್ಲಿ ಸ್ವಲ್ಪ ಕುಂಟುತ್ತದೆ. ಆದರೆ ನೂಲು ನೂಲೇ.) ಮೇಲಿನಿಂದ ಇಳಿದದ್ದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ಸಂಯೋಗ. ಎರಡು ಬೇರೆ ಬೇರೆ ದ್ರವ್ಯಗಳು ಬಂದು ತಾಗುವುದು ಸಂಯೋಗ. ತಾಗಿದ್ದು ಬಿಡಬಹುದು, ಬಿಟ್ಟರೆ ಅದು ವಿಭಾಗ. ನೂಲು ಮತ್ತು ಬಟ್ಟೆ, ಬಟ್ಟೆ ಮತ್ತು ಅದರ ಸ್ವಂತ ಬಣ್ಣ, ಇವುಗಳ ನಡುವೆ ಇರುವುದು ಸಮವಾಯ. ಆಶ್ರಯ ಇರುವವರೆಗೆ ಅದನ್ನು ಬಿಡಿಸಲಾಗದು, ಆಶ್ರಯ ಹೋದರೆ ಅದರ ಬಣ್ಣವೂ ಹೋಯಿತು. ಗಿರಾಕಿ ಕೇಳುವುದು ಸಮವಾಯ, ದುಡ್ಡು ಕೊಡುವುದು ಸಂಯೋಗಕ್ಕೆ.

ಈಗ ಎಲ್ಲರ ಬಾಯಲ್ಲಿರುವ ಡಿಟಿಎಫ್ ಶುದ್ಧ ಸಂಯೋಗ. ಮೊದಲು ಪಾರದರ್ಶಕ ಫಿಲಂ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಹೊಡೆಯುತ್ತೇವೆ. ಕೆಳಗೆ ಬಣ್ಣ, ಅದರ ಮೇಲೆ ಬಿಳಿ, ಹಸಿ ಬಿಳಿಯ ಮೇಲೆ ಸಕ್ಕರೆ ಪುಡಿಯಂಥ ಅಂಟಿನ ಪೌಡರ್. ಒದರಿದಾಗ ಹೆಚ್ಚಿನ ಪುಡಿ ಉದುರುತ್ತದೆ, ಇಂಕು ಇದ್ದಲ್ಲಿ ಮಾತ್ರ ಹಿಡಿದಿರುತ್ತದೆ. ಶಾಖಕ್ಕೆ ಹಿಡಿದರೆ ಪುಡಿ ಕರಗಿ ಪೊರೆಯಾಗುತ್ತದೆ. ಆಮೇಲೆ ಬಟ್ಟೆಯ ಮೇಲೆ ಮಗುಚಿ 150-160 ಡಿಗ್ರಿಯಲ್ಲಿ ಹತ್ತು ಹದಿನೈದು ಸೆಕೆಂಡು ಒತ್ತಿ ಫಿಲಂ ಸುಲಿದರೆ ಎಲ್ಲ ತಲೆಕೆಳಗು: ತಳದಲ್ಲಿ ಅಂಟು, ನಡುವೆ ಬಿಳಿ, ಮೇಲೆ ಬಣ್ಣ. ಹತ್ತಿಯಾಗಲಿ ಪಾಲಿಯೆಸ್ಟರ್ ಆಗಲಿ, ಕಪ್ಪಾಗಲಿ ಬಿಳಿಯಾಗಲಿ, ಅದಕ್ಕೆ ಜಾತಿಮತ ಇಲ್ಲ. ಒಂದು ಪೀಸಿಗೂ ಹೊಡೆಯಬಹುದು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಕಟ್ಟಿ, ಪ್ಲಾಸ್ಟಿಸಾಲ್ ಇಂಕು ಎಳೆದು, 160 ಡಿಗ್ರಿಯವರೆಗೆ ಕಾಯಿಸಿ ಕೂರಿಸಬೇಕು. ಇನ್ನೂರು ಪೀಸಾದರೆ ಅದರ ಮುಂದೆ ಇವತ್ತಿಗೂ ಯಾರೂ ಇಲ್ಲ, ಹತ್ತು ಪೀಸಿಗೆ ಕೈ ಹಾಕುವವರೂ ಇಲ್ಲ.

ಡಿಟಿಎಫ್ ಹೋಗುವುದು ಹೇಗೆಂದು ನೋಡಬೇಕಾದರೆ ಹಳೆಯ ಶರ್ಟನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಎಳೆಯಬೇಕು. ಬಟ್ಟೆ ಹಿಗ್ಗುತ್ತದೆ, ಚಿತ್ರ ಅಷ್ಟು ಹಿಗ್ಗುವುದಿಲ್ಲ. ಕೂದಲೆಳೆಯಂಥ ಬಿರುಕು ಬಿಟ್ಟು, ಬಣ್ಣದ ಹಿಂದೆ ಅಡಗಿದ್ದ ಬಿಳಿ ಇಣುಕುತ್ತದೆ. ಕಿತ್ತು ಬರುವುದು ಯಾವಾಗಲೂ ಮೂಲೆಯಿಂದ, ಚೂಪಿನಿಂದ, ತೆಳ್ಳನೆ ಗೆರೆಯಿಂದ. ಅಲ್ಲಿ ಪೌಡರ್ ಕೂರುವುದೇ ಕಡಿಮೆ. ಕನ್ನಡ ಅಕ್ಷರಕ್ಕೆ ಇದರಿಂದ ಇಂಗ್ಲಿಷಿಗಿಲ್ಲದ ಕಷ್ಟ ಒಂದಿದೆ, ಒತ್ತಕ್ಷರ. ತಾಯಿ ಅಕ್ಷರಕ್ಕೆ ತಾಗದೆ ಕೆಳಗೆ ಒಂಟಿಯಾಗಿ ಕೂತಿರುತ್ತದೆ. ಒಗೆಯುವ ಬ್ರಷ್ಷಿನ ಮೊದಲ ಏಟು ಅದಕ್ಕೇ. ವ ಒತ್ತು ಉದುರಿದರೆ ಬೆನ್ನ ಮೇಲಿನ ‘ಸ್ವಾಮಿ’ ‘ಸಾಮಿ’ಯಾಗುತ್ತಾನೆ. ನಮ್ಮ ಕಡೆಯವರು ಕರೆಯುವುದೂ ಹಾಗೇ ಆದ್ದರಿಂದ ಯಾರೂ ಜಗಳಕ್ಕೆ ಬಂದಿಲ್ಲ.

ಸಬ್ಲಿಮೇಷನ್ ಬೇರೆ ಲೋಕ. ಕ್ರಿಕೆಟ್ ಟೀಮಿನ ಜರ್ಸಿಗಳೆಲ್ಲ ಬಹುತೇಕ ಇದೇ. ಕಾಗದದ ಮೇಲೆ ಚಿತ್ರ ಹೊಡೆದು, ಪಾಲಿಯೆಸ್ಟರ್ ಬಟ್ಟೆಗೆ ಮುಖ ಮಾಡಿ, 200 ಡಿಗ್ರಿ ಹತ್ತಿರ ಮುಕ್ಕಾಲು ಒಂದು ನಿಮಿಷ ಒತ್ತುತ್ತೇವೆ. ಕಾಗದದಲ್ಲಿದ್ದ ಡೈ ದ್ರವವಾಗದೆ ನೇರ ಆವಿಯಾಗುತ್ತದೆ. ಅಷ್ಟು ಶಾಖಕ್ಕೆ ಪಾಲಿಯೆಸ್ಟರ್ ಎಳೆಯೂ ಒಳಗೊಳಗೇ ಸಡಿಲಾಗಿರುತ್ತದೆ. ಆವಿ ಒಳಹೊಕ್ಕ ಮೇಲೆ ಬಟ್ಟೆ ತಣ್ಣಗಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಬೆರಳಾಡಿಸಿದರೆ ಚಿತ್ರ ಎಲ್ಲಿ ಶುರು ಎಲ್ಲಿ ಮುಗಿತು ಗೊತ್ತಾಗದು. ಬಿರುಕಿಲ್ಲ, ಸುಲಿಯುವುದಿಲ್ಲ, ಒಗೆತಕ್ಕೆ ಜಗ್ಗುವುದಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ಹಾಕಿದರೆ ಮಂಕಾಗುತ್ತದೆ, ಅಷ್ಟೆ. ಹತ್ತಿಗೆ ಮಾತ್ರ ಒಪ್ಪುವುದಿಲ್ಲ, ಕಪ್ಪು ಬಟ್ಟೆಗೂ ಇಲ್ಲ. ಫುಲ್ ಕಲರ್ ಹೊಡೆಯುವ ವಿಧಾನಗಳಲ್ಲಿ ಯಾವುದು ಹೆಚ್ಚು ಬಾಳಿಕೆ ಎಂದು ಕೇಳಿದರೆ ಅಂಗಡಿಯವನಾಗಿ ನನ್ನ ಉತ್ತರ ಇದೇ: ಬಿಳಿ ಪಾಲಿಯೆಸ್ಟರ್, ಸಬ್ಲಿಮೇಷನ್. ಅದಾದ ಮೇಲೆ ಚೆನ್ನಾಗಿ ಕಾಯಿಸಿದ ಸ್ಕ್ರೀನ್, ಅದರ ಹಿಂದೆ ಸರಿಯಾಗಿ ಒತ್ತಿದ ಡಿಟಿಎಫ್, ಆಮೇಲೆ ಹತ್ತಿಯ ಮೇಲೆ ನೇರ ಸಿಂಪಡಿಸುವ ಡಿಟಿಜಿ. ಹತ್ತಿಗೆ ಹೊಡೆಯುವ ಈ ಮೂರರಲ್ಲಿ ಕೈಗೆ ಮೃದು ಕೊನೆಯದೇ. ಮನೆ ಪ್ರಿಂಟರಿನಲ್ಲಿ ತೆಗೆದು ಇಸ್ತ್ರಿಪೆಟ್ಟಿಗೆಯಲ್ಲಿ ಅಂಟಿಸುವ ಕಾಗದದ ಮಾತು ಬೇಡ.

ಸಬ್ಲಿಮೇಷನ್ನನ್ನು ಸಮವಾಯ ಎಂದು ಕರೆದುಬಿಡಲು ಆಸೆಯಾಗುತ್ತದೆ. ಆದರೆ ಪೂರ್ವಪಕ್ಷದವನು ಸುಮ್ಮನಿರುವುದಿಲ್ಲ. ಅವನು ಹೇಳುವುದು: ಡೈ ಒಂದು ದ್ರವ್ಯ, ಎಳೆ ಇನ್ನೊಂದು ದ್ರವ್ಯ. ಬಣ್ಣ ಎಂಬ ಗುಣ ಡೈಯಲ್ಲಿ ಸಮವಾಯದಿಂದ ಇದೆ, ಸರಿ. ಡೈ ಎಳೆಯಲ್ಲಿ ಇರುವುದು ಸಂಯೋಗದಿಂದಲೇ. ಒಳಗೆ ಕೂತರೂ ಕೂತದ್ದೇ. ನಂಬಿಕೆ ಬಾರದಿದ್ದರೆ ಅದೇ ಜರ್ಸಿಯ ಮೇಲೆ ಬಿಳಿ ಕಾಗದ ಇಟ್ಟು ಮತ್ತೆ 200 ಡಿಗ್ರಿಯಲ್ಲಿ ಒತ್ತಿ ನೋಡು. ಒತ್ತಿ ನೋಡಿದವರಿಗೆ ಗೊತ್ತು, ಕಾಗದದ ಮೇಲೆ ಚಿತ್ರದ ನೆರಳು ಬಂದಿರುತ್ತದೆ. ಬಂದ ದಾರಿಯಲ್ಲೇ ಸ್ವಲ್ಪ ಡೈ ಹೊರಟುಹೋಗಿರುತ್ತದೆ. ಬಿಟ್ಟುಹೋಗಬಲ್ಲದ್ದು ಸಮವಾಯ ಹೇಗಾದೀತು? ಈ ವಾದಕ್ಕೆ ನನ್ನ ಹತ್ತಿರ ಪ್ರತಿವಾದ ಇಲ್ಲ. ಒಂದು ಸಂಯೋಗಕ್ಕೆ ಬ್ರಷ್ಷು ಸಾಕು, ಇನ್ನೊಂದಕ್ಕೆ ಬೆಂಕಿ ಬೇಕು. ವ್ಯತ್ಯಾಸ ಅಷ್ಟು ಮಾತ್ರ. ಪ್ರಿಂಟು ಅನ್ನುವುದು ಎಷ್ಟೇ ಆಳಕ್ಕೆ ಇಳಿದರೂ ಬಟ್ಟೆಯ ಮನೆಗೆ ಬಂದ ಅತಿಥಿಯೇ.

ಇನ್ನು ಫುಲ್ ಕಲರ್ ವಿಷಯ. ನಮ್ಮ ಕೌಂಟರಿನ ಡ್ರಾಯರಿನಲ್ಲಿ ಒಂದು ಭೂತಗನ್ನಡಿ ಇದೆ. ಅದನ್ನು ಯಾರದೇ ಫೋಟೊ ಪ್ರಿಂಟಿನ ಕೆನ್ನೆಯ ಮೇಲೆ ಇಟ್ಟರೆ ಚರ್ಮದ ಬಣ್ಣ ಎಲ್ಲೂ ಇಲ್ಲ. ಗುಲಾಬಿ ಚುಕ್ಕೆ, ಹಳದಿ ಚುಕ್ಕೆ, ಆಕಾಶನೀಲಿ ಚುಕ್ಕೆ, ಅಲ್ಲಲ್ಲಿ ಕರಿ. ಕನ್ನಡಿ ತೆಗೆದರೆ ಕೆನ್ನೆ. ಯಾವುದು ನಿಜ? ಈ ಜಗಳವನ್ನು ನೈಯಾಯಿಕರು ಬಟ್ಟೆಯನ್ನೇ ಮುಂದಿಟ್ಟುಕೊಂಡು ಆಡಿದ್ದಾರೆ. ತರ್ಕಸಂಗ್ರಹ ಹೇಳುವ ಏಳು ಬಣ್ಣಗಳಲ್ಲಿ ಬಿಳಿ, ನೀಲಿ, ಹಳದಿ, ಕೆಂಪು, ಹಸಿರು, ಕಪಿಶ ಆದಮೇಲೆ ಏಳನೆಯದು ‘ಚಿತ್ರ’. ಬಣ್ಣ ಅನ್ನುವುದು ತಾನಿರುವ ವಸ್ತುವನ್ನು ಪೂರ್ತಿ ವ್ಯಾಪಿಸಬೇಕು ಎಂಬುದು ಅವರ ನಿಯಮ. ಒಂದೇ ಬಟ್ಟೆ ಇಲ್ಲಿ ಕೆಂಪು ಅಲ್ಲಿ ನೀಲಿ ಎಂದರೆ ನಿಯಮ ಮುರಿಯಿತು. ಹಾಗಾಗಿ ಬಣ್ಣಬಣ್ಣದ ನೂಲಿನ ಬಟ್ಟೆಗೆ ಚಿತ್ರ ಎಂಬ ಒಂದೇ ಬಣ್ಣ ಇದೆ ಎಂದರು. ನವ್ಯ ನೈಯಾಯಿಕರಲ್ಲಿ ಕೆಲವರು, ಬಣ್ಣ ಪೂರ್ತಿ ವ್ಯಾಪಿಸಬೇಕೆಂದು ಯಾರು ಹೇಳಿದ್ದು, ಇರುವುದು ಹಲವು ಬಣ್ಣಗಳೇ ಎಂದು ಇದನ್ನು ತಳ್ಳಿಹಾಕಿದರು. ನನ್ನ ಒಲವು ಹಳಬರ ಕಡೆಗೆ. ಬಣ್ಣ ಹೋಯಿತು ಎಂದು ಶರ್ಟು ತಂದ ಗಿರಾಕಿ ‘ಗುಲಾಬಿ ಚುಕ್ಕೆ ಕಡಿಮೆಯಾಗಿದೆ’ ಅನ್ನುವುದಿಲ್ಲ. ‘ಅಪ್ಪನ ಮುಖ ಹಸಿರಾಗಿದೆ’ ಅನ್ನುತ್ತಾನೆ. ಅವನು ಕೊಂಡದ್ದು ಚುಕ್ಕೆಯಲ್ಲ, ಏಳನೆಯ ಬಣ್ಣ. ನಾಲ್ಕರಲ್ಲಿ ಒಂದು ಇಂಕು ಮುಂಚೆ ಸೋತರೆ ಆ ಏಳನೆಯದು ಪೂರ್ತಿ ಸೋಲುತ್ತದೆ.

ಬಟ್ಟೆಯ ಮೇಲಿನ ಚಿತ್ರದ ಬಗ್ಗೆ ನಮ್ಮ ನಾಡಿನಲ್ಲೇ ಯೋಚಿಸಿದವರು ಇನ್ನೊಬ್ಬರು. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ ಪಂಚದಶಿಯ ಆರನೆಯ ಪ್ರಕರಣಕ್ಕೆ ಚಿತ್ರದೀಪ ಎಂದೇ ಹೆಸರು. ಅದು ಶುರುವಾಗುವುದು ಚಿತ್ರಪಟದ ನಾಲ್ಕು ಅವಸ್ಥೆಗಳಿಂದ: ಒಗೆದ ಬಿಳಿ ಬಟ್ಟೆ, ಗಂಜಿ ಹಾಕಿ ಗಟ್ಟಿ ಮಾಡಿದ್ದು, ಮಸಿಯಲ್ಲಿ ಗೆರೆ ಎಳೆದದ್ದು, ಬಣ್ಣ ತುಂಬಿದ್ದು. ಪರಬ್ರಹ್ಮ ಜಗತ್ತಾಗಿ ತೋರುವ ಮೆಟ್ಟಿಲುಗಳಿಗೆ ಇದು ದೃಷ್ಟಾಂತ. ಮೊದಲ ಸಲ ಡಿಟಿಜಿ ಮೆಷಿನ್ ಬಂದು, ಅದರ ಜೊತೆ ಬಂದವನು ಕಪ್ಪು ಬಟ್ಟೆಗೆ ಮೊದಲು ಪ್ರಿಟ್ರೀಟ್‌ಮೆಂಟ್ ಸಿಂಪಡಿಸಿ ಒಣಗಿಸಬೇಕು, ಇಲ್ಲದಿದ್ದರೆ ಬಿಳಿ ಇಂಕು ಹೀರಿಕೊಂಡು ಹೋಗುತ್ತದೆ ಎಂದಾಗ ನನಗೆ ನೆನಪಾದದ್ದು ಆ ಗಂಜಿ. ನಾನು ಆಗ ನಕ್ಕದ್ದಕ್ಕೆ ಕಾರಣ ಅವನಿಗೆ ತಿಳಿಯಲಿಲ್ಲ.

ಅದೇ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಚಿತ್ರದಲ್ಲಿ ಬರೆದ ಮನುಷ್ಯರಿಗೆ ಚಿತ್ರಗಾರ ಬಟ್ಟೆಯನ್ನೂ ಬರೆಯುತ್ತಾನೆ; ಆ ಬಟ್ಟೆ ಚಿತ್ರಕ್ಕೆ ಆಧಾರವಾದ ನಿಜ ಬಟ್ಟೆಯ ಹಾಗೇ ಕಾಣುತ್ತದೆ, ಆದರೆ ಅದು ಬಟ್ಟೆಯ ಆಭಾಸ. ಜೀವರಲ್ಲಿ ತೋರುವ ಚೈತನ್ಯವೂ ಹಾಗೇ ಎಂಬುದು ಅಲ್ಲಿನ ಮಾತು. ಈಗ ನನ್ನ ಅಂಗಡಿಗೆ ಬನ್ನಿ. ಬಿಳಿ ಶರ್ಟು, ಬಿಳಿ ಪಂಚೆಯ ಅಣ್ಣಾವ್ರ ಫೋಟೊಗೆ ಬೇಡಿಕೆ ನಿಂತದ್ದೇ ಇಲ್ಲ. ಅದನ್ನು ಕಪ್ಪು ಬಟ್ಟೆಗೆ ಡಿಟಿಎಫ್ ಹೊಡೆದರೆ ಅಣ್ಣಾವ್ರ ಶರ್ಟು ಬಿಳಿ ಇಂಕಿನದು, ವಿದ್ಯಾರಣ್ಯರು ಹೇಳಿದ ಆಭಾಸವೇ. ಬಿಳಿ ಪಾಲಿಯೆಸ್ಟರಿಗೆ ಸಬ್ಲಿಮೇಷನ್ ಹೊಡೆದರೆ ಕಥೆ ಬೇರೆ. ಸಬ್ಲಿಮೇಷನ್‌ನಲ್ಲಿ ಬಿಳಿ ಇಂಕು ಎಂಬುದೇ ಇಲ್ಲ. ಬಿಳಿ ಇರಬೇಕಾದ ಕಡೆ ಮೆಷಿನ್ನು ಏನನ್ನೂ ಹೊಡೆಯುವುದಿಲ್ಲ. ಕಾಲರಿನ ನೆರಳು, ಗುಂಡಿಯ ಸುತ್ತಿನ ಬೂದು ಗೆರೆ ಬಿಟ್ಟರೆ ಅಣ್ಣಾವ್ರು ಹಾಕಿಕೊಂಡಿರುವುದು ಗಿರಾಕಿಯ ಶರ್ಟನ್ನೇ. ಚಿತ್ರದೊಳಗಿನ ಬಟ್ಟೆಯೂ ಆಧಾರದ ಬಟ್ಟೆಯೂ ಒಂದೇ. ವರ್ಷಗಟ್ಟಲೆ ಬಿಸಿಲು ಕುಡಿದು ಮುಖ ಮಂಕಾಗುತ್ತದೆ, ಕೂದಲ ಕಪ್ಪು ಕಂದಾಗುತ್ತದೆ. ಆ ಶರ್ಟು ಮಾತ್ರ ಹೋಗುವುದಿಲ್ಲ. ಹೋಗಲು ಅಲ್ಲಿ ನಾನು ಏನನ್ನೂ ಇಟ್ಟಿರಲಿಲ್ಲ.

ಬಾಳಿಕೆಯನ್ನು ಅಳೆಯುವ ಶಾಸ್ತ್ರವೂ ಒಂದಿದೆ. ಅಮೆರಿಕದ ಜವಳಿ ಸಂಸ್ಥೆ ಎಎಟಿಸಿಸಿಯ 61ನೆಯ ಪರೀಕ್ಷೆಯಲ್ಲಿ 2ಎ ಎಂಬ ವಿಧಾನ: ಬಟ್ಟೆಯ ತುಂಡನ್ನು ಉಕ್ಕಿನ ಡಬ್ಬಿಯಲ್ಲಿ ಸೋಪಿನ ನೀರು, 50 ಉಕ್ಕಿನ ಗುಂಡುಗಳ ಜೊತೆ 49 ಡಿಗ್ರಿಯಲ್ಲಿ 45 ನಿಮಿಷ ತಿರುಗಿಸುತ್ತಾರೆ. ಅದು ಮನೆಯ ಸುಮಾರು ಐದು ಒಗೆತಕ್ಕೆ ಸಮ ಎಂದು ಲೆಕ್ಕ. ಆಮೇಲೆ ತೊಳೆದ ತುಂಡನ್ನು ತೊಳೆಯದ ತುಂಡಿನ ಪಕ್ಕದಲ್ಲಿಟ್ಟು ಬೂದುಬಣ್ಣದ ಪಟ್ಟಿಯೊಂದಿಗೆ ಹೋಲಿಸಿ 5ರಿಂದ 1ರವರೆಗೆ ಅಂಕ. 5 ಬಂದರೆ ಏನೂ ಆಗಿಲ್ಲ, 1 ಬಂದರೆ ಮುಗಿಯಿತು. ಉಜ್ಜುವಿಕೆಗೆ, ಬೆಳಕಿಗೆ ಬೇರೆ ಪರೀಕ್ಷೆಗಳಿವೆ. ಬೆಳಕಿನದಕ್ಕೆ ನೀಲಿ ಉಣ್ಣೆಯ ಎಂಟು ಮೆಟ್ಟಿಲ ಅಳತೆ. ನಮ್ಮ ಕಡೆಯ ಒಗೆಯುವ ಕಲ್ಲು, ಬಾರ್ ಸೋಪು, ಪ್ಲಾಸ್ಟಿಕ್ ಬ್ರಷ್ಷು, ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಬಟ್ಟೆಯ ಮೇಲೆ ತೀರಿಸುವ ಕೈ, ಇವಕ್ಕೆ ಉಕ್ಕಿನ ಗುಂಡು ಸಮವೋ ಎಂಬುದು ಬೇರೆ ಮಾತು.

ಈ ಪರೀಕ್ಷೆಯಲ್ಲಿ ನನ್ನನ್ನು ಹಿಡಿದಿಡುವುದು ಆ ತೊಳೆಯದ ತುಂಡು. ಅದಿಲ್ಲದೆ ಅಂಕ ಹುಟ್ಟುವುದಿಲ್ಲ. ಮನೆಯಲ್ಲಿ ಯಾರ ಹತ್ತಿರವೂ ಅದಿರುವುದಿಲ್ಲ. ಪ್ರತಿ ವಾರ ಅದೇ ಶರ್ಟು ಹಾಕುವವನಿಗೆ ಅದು ಅದೇ ಶರ್ಟು. ಕ್ಷಣಕ್ಷಣಕ್ಕೂ ಎಲ್ಲವೂ ಹೊಸದಾಗಿ ಹುಟ್ಟಿ ಸಾಯುತ್ತದೆ ಎಂದ ಬೌದ್ಧರಿಗೆ ನಮ್ಮ ನೈಯಾಯಿಕರು ಕೊಟ್ಟ ದೊಡ್ಡ ಉತ್ತರ ಪ್ರತ್ಯಭಿಜ್ಞೆ: ‘ಇದು ಅದೇ’ ಎಂಬ ಗುರುತು ಎಲ್ಲರಿಗೂ ಹತ್ತುತ್ತದಲ್ಲ, ವಸ್ತು ಒಂದೇ ಆಗಿರದಿದ್ದರೆ ಅದು ಹೇಗೆ ಸಾಧ್ಯ? ಈ ವಾದವನ್ನು ಬಾಯಿಪಾಠ ಮಾಡಿದವನೇ ನಾನು. ಆದರೆ ಬೂದು ಪಟ್ಟಿ ಕಂಡಮೇಲೆ ಬೌದ್ಧರ ಕಡೆ ಸ್ವಲ್ಪ ವಾಲಿದ್ದೇನೆ. ಗುರುತು ಹತ್ತುವುದು ವಸ್ತು ಹಾಗೇ ಉಳಿದದ್ದಕ್ಕಲ್ಲ, ಪಕ್ಕದಲ್ಲಿ ಹಳೆಯದು ಇಲ್ಲದ್ದಕ್ಕೆ ಎಂದು ಅನ್ನಿಸುತ್ತದೆ. ಅಣ್ಣ-ತಮ್ಮ ಒಂದೇ ದಿನ ಕೊಂಡ ಜೋಡಿ ಶರ್ಟಿನಲ್ಲಿ ಒಬ್ಬ ವಿದೇಶಕ್ಕೆ ಹೋಗಿ ಅವನದು ಪೆಟ್ಟಿಗೆಯಲ್ಲೇ ಉಳಿದಿದ್ದರೆ, ಅವನು ವಾಪಸ್ ಬಂದ ದಿನ ಮನೆಯಲ್ಲಿ ನನ್ನ ಮೇಲೆ ದೂರು ಹುಟ್ಟುತ್ತದೆ.

ಹೋಯಿತು ಎಂದು ತೋರುವುದೆಲ್ಲ ಹೋಗಿರುವುದೂ ಇಲ್ಲ. ಹತ್ತಿಯ ಮೇಲಿನ ತೆಳ್ಳನೆ ಪ್ರಿಂಟು ನಾಲ್ಕಾರು ಒಗೆತದಲ್ಲಿ ಮಂಜು ಕವಿದಂತೆ ಆಗುತ್ತದೆ. ಭೂತಗನ್ನಡಿ ಇಟ್ಟು ನೋಡಿ: ಇಂಕು ಇದ್ದಲ್ಲೇ ಇದೆ. ನೂಲಿನಿಂದ ಸಣ್ಣ ಸಣ್ಣ ಬಿಳಿ ನವಿರುಗಳು ಸಡಿಲಾಗಿ, ಇಂಕಿನ ಸಂದಿನಿಂದ ತಲೆ ಎತ್ತಿ ನಿಂತಿವೆ. ಬಣ್ಣ ಬಟ್ಟೆಯನ್ನು ಬಿಟ್ಟಿಲ್ಲ, ಬಟ್ಟೆ ಬಣ್ಣದ ಮೇಲಕ್ಕೆ ಬಂದಿದೆ. ನವಿರನ್ನು ಮೊದಲೇ ಸುಟ್ಟ ಬಟ್ಟೆ ಅಥವಾ ಎಂಜೈಮಿನಲ್ಲಿ ತಿನ್ನಿಸಿ ನುಣುಪು ಮಾಡಿದ ಬಯೋವಾಶ್ ಬಟ್ಟೆ ತೆಗೆದುಕೊಂಡರೆ ಈ ತೊಂದರೆ ಕಡಿಮೆ. ತಿರುಪ್ಪೂರಿನಿಂದ ಮಾಲು ತರಿಸುವಾಗ ನಾವು ಬಟ್ಟೆಯ ತೂಕದ ಅಳತೆಯಾದ ಜಿಎಸ್‌ಎಂಗಿಂತ ಮುಂಚೆ ಕೇಳುವುದು ಅದನ್ನೇ. ಇನ್ನು ಸೋಪಿನ ಕಡೆಯಿಂದ ನೋಡಿದರೆ ಕೊಳೆಯೂ ಬಟ್ಟೆಗೆ ಬಂದು ಅಂಟಿದ್ದು, ಚಿತ್ರವೂ ಬಂದು ಅಂಟಿದ್ದು. ಸೋಪಿಗೆ ಎರಡರ ನಡುವೆ ಭೇದ ತಿಳಿಯುವುದಿಲ್ಲ. ಭೇದ ಮಾಡಬೇಕಾದವರು ನಾವು. ಆ ಭೇದವೇ ಕಷ್ಟವಾಗುವ ಜಾಗ ಒಂದಿದೆ.

ಅದು ದೇವರ ಶರ್ಟು. ಗಣಪತಿ ಹಬ್ಬ ಹತ್ತಿರ ಬಂತೆಂದರೆ ಬೀದಿಬೀದಿಯ ಯುವಕರ ಸಂಘಗಳು ಬರುತ್ತವೆ. ಎದೆಯ ಮೇಲೆ ಸಂಘದ ಹೆಸರು, ಬೆನ್ನ ತುಂಬ ಗಣಪತಿ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವ ತಂಡಗಳಿಗೆ ಬೆನ್ನ ಮೇಲೆ ಮಂಜುನಾಥ ಬೇಕು. ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನವನಿಗೆ ಮುಂದಿನವನ ಬೆನ್ನಲ್ಲಿ ದೇವರು ಕಾಣಬೇಕು. ಆ ಕಲ್ಪನೆ ನನಗೆ ಇಷ್ಟ. ಬೆವರು ಹೀರಿದ ಬೆನ್ನಿನಲ್ಲಿ, ಧೂಳಿನಲ್ಲಿ, ದೇವರೂ ಜೊತೆಗೆ ನಡೆದು ಬರುತ್ತಾನೆ. ಇವರೆಲ್ಲರ ಬೇಡಿಕೆಯೂ ಒಂದೇ, ದೇವರು ಹೋಗಬಾರದು. ‘ಅಣ್ಣಾ, ದೇವರು ಕಿತ್ಕೊಂಡ್ ಬಂದ್ರೆ ಚೆನ್ನಾಗಿರಲ್ಲ, ನೋಡಿ.’

ಇಲ್ಲಿ ಬಾಳಿಕೆಯ ಲೆಕ್ಕ ನನಗೆ ತಿರುಗುಮುರುಗಾಗಿ ಕಾಣುತ್ತದೆ. ಈ ಹುಡುಗರೇ ಕೂರಿಸುವುದು ಮಣ್ಣಿನ ಗಣಪತಿ. ಪಿಒಪಿ ಬೇಡ, ನೀರಿನಲ್ಲಿ ಕರಗುವುದಿಲ್ಲ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಹೇಳುತ್ತಾರೆ, ಇವರೂ ಬ್ಯಾನರಿನಲ್ಲಿ ಬರೆಸುತ್ತಾರೆ. ಮಣ್ಣಿಗೆ ಆವಾಹನೆ ಮಾಡಿ, ಇಟ್ಟುಕೊಂಡಷ್ಟು ದಿನ ಇಟ್ಟುಕೊಂಡು, ಉದ್ವಾಸನೆ ಮಾಡಿ ನೀರಿಗೆ ಬಿಡುತ್ತಾರೆ. ಬರುವ ಮಂತ್ರ ಇರುವ ಹಾಗೆ ಹೋಗುವ ಮಂತ್ರವೂ ಇದೆ. ಕಲ್ಲಿನ ದೇವಸ್ಥಾನದಲ್ಲೂ ಅಷ್ಟೆ: ಜೀರ್ಣೋದ್ಧಾರಕ್ಕೆ ಮುಂಚೆ ಕಲಾಕರ್ಷಣೆ ಮಾಡಿ ಶಕ್ತಿಯನ್ನು ವಿಗ್ರಹದಿಂದ ಕಲಶಕ್ಕೆ ತೆಗೆಯುತ್ತಾರೆ, ಭಿನ್ನವಾದ ವಿಗ್ರಹವನ್ನು ನೀರಿಗೆ ಬಿಡುತ್ತಾರೆ. ಅಂದರೆ ನಮ್ಮ ಪೂಜೆಯ ವ್ಯವಸ್ಥೆ ಪೂರ್ತಿ ನಿಂತಿರುವುದು ದೇವರಿಗೂ ಮೂರ್ತಿಗೂ ಇರುವುದು ಬಿಡಿಸಬಹುದಾದ ಸಂಬಂಧ ಎಂಬುದರ ಮೇಲೆ. ಸಂಯೋಗ ಇರುವಲ್ಲಿ ಮಾತ್ರ ವಿಭಾಗ ಸಾಧ್ಯ, ವಿಭಾಗ ಇರುವಲ್ಲಿ ಮಾತ್ರ ಬೀಳ್ಕೊಡುಗೆ. ಎಂದೂ ಬಿಡದ ಹಾಗೆ ಅಂಟಿಸಿಕೊಡು ಎನ್ನುವವನು ತನ್ನ ಅಜ್ಜಿ ಎಂದೂ ಕೇಳದ್ದನ್ನು ಕೇಳುತ್ತಿದ್ದಾನೆ.

ತಾರ್ಕಿಕ ಇದಕ್ಕೂ ಅಡ್ಡ ಬರುತ್ತಾನೆ: ಪ್ರಾಣಪ್ರತಿಷ್ಠೆಯೇ ಆಗಿಲ್ಲದ ಪ್ರಿಂಟಿನಲ್ಲಿ ದೇವರೆಲ್ಲಿಂದ ಬಂದ? ಇರುವುದು ಇಂಕು ಮತ್ತು ಅಂಟು. ಹಳೆಯದಾದರೆ ಎಸೆ. ನಾನು ಅವನನ್ನು ಯಾವುದಾದರೂ ಅರಳಿಕಟ್ಟೆಗೆ ಕರೆದುಕೊಂಡು ಹೋಗಬೇಕು. ಕಟ್ಟೆಯ ಹಿಂಬದಿಯಲ್ಲಿ ಗಾಜು ಒಡೆದ ಲಕ್ಷ್ಮಿಯ ಫೋಟೊ, ಹೋದ ವರ್ಷದ ವೆಂಕಟರಮಣನ ಕ್ಯಾಲೆಂಡರು, ಮದುವೆ ಕಾರ್ಡಿನಿಂದ ಕತ್ತರಿಸಿದ ಅಂಗೈ ಅಗಲದ ಗಣಪತಿ. ಯಾವುದಕ್ಕೂ ಪ್ರತಿಷ್ಠೆ ಆಗಿರಲಿಲ್ಲ. ತಂದಿಟ್ಟವರಿಗೆ ಅದೂ ಗೊತ್ತು. ಆದರೂ ಕಸದ ಗಾಡಿಗೆ ಹಾಕಲು ಕೈ ಬರಲಿಲ್ಲ. ನೋಡಿ ನೋಡಿ ಕೈಮುಗಿದಲ್ಲಿ ಏನೋ ಕೂತಿರುತ್ತದೆ. ಅದನ್ನು ಕೂರಿಸಿದ್ದು ಮಂತ್ರವಲ್ಲ, ನೋಟ. ಕ್ಯಾಲೆಂಡರಾದರೆ ಮಳೆಗೆ ನೆನೆದು, ಗೆದ್ದಲು ತಿಂದು ಕರಗುತ್ತದೆ. ಟಿ-ಶರ್ಟು? ನಮ್ಮ ಮನೆಗಳಲ್ಲಿ ಹತ್ತಿಯ ಅಂಗಿಗೆ ಒಂದು ಗೊತ್ತಾದ ದಾರಿ ಇತ್ತು: ಹೊರಗೆ ಹಾಕುವುದು, ಮನೆಯಲ್ಲಿ ಹಾಕುವುದು, ತಮ್ಮನಿಗೆ, ಒಲೆಯ ಬಳಿ ಕೈಬಟ್ಟೆ, ಕೊನೆಗೆ ನೆಲ ಒರೆಸಲು. ಬೆನ್ನ ಮೇಲೆ ಗಣಪತಿ ಬಂದದ್ದೇ ಆ ದಾರಿ ಮಧ್ಯದಲ್ಲೇ ನಿಂತಿತು. ಹಾಕಲೂ ಆಗದೆ ಎಸೆಯಲೂ ಆಗದೆ ಬೀರುವಿನ ತಳದಲ್ಲಿ ಉಳಿಯುವ ಶರ್ಟುಗಳನ್ನು ನದಿಗೆ ಬಿಡೋಣ ಎಂದರೆ ಪಾಲಿಯೆಸ್ಟರ್ ಮಣ್ಣಲ್ಲ. ಶಬರಿಮಲೆಯ ಪಂಪಾ ನದಿಯಲ್ಲಿ ಭಕ್ತರು ಬಟ್ಟೆ ಬಿಡುವುದರ ವಿರುದ್ಧ ಕೇರಳ ಹೈಕೋರ್ಟೇ ಆದೇಶ ಮಾಡಬೇಕಾಯಿತು.

ಹೀಗಾಗಿ ದೇವರ ಆರ್ಡರ್ ಬಂದರೆ ನಾನು ಹತ್ತಿ ಬಟ್ಟೆ, ನೀರಿನ ಇಂಕು, ಒಂದೇ ಬಣ್ಣದ ಗೆರೆಚಿತ್ರ ಎಂದು ಹೇಳಿ ನೋಡುತ್ತೇನೆ. ಬಟ್ಟೆಯ ಜೊತೆಗೇ ನಿಧಾನಕ್ಕೆ ಮಾಸುತ್ತದೆ, ಬಟ್ಟೆ ತೆಳುವಾಗುವ ಹೊತ್ತಿಗೆ ಚಿತ್ರವೂ ಗುರುತು ಸಿಗದಷ್ಟಾಗಿರುತ್ತದೆ. ಹುಡುಗರು ಮೊಬೈಲ್ ತೆಗೆದು ಪಕ್ಕದ ಬೀದಿಯವರ ಶರ್ಟು ತೋರಿಸುತ್ತಾರೆ. ಅದರಲ್ಲಿ ಗಣಪತಿಯ ಕಿರೀಟಕ್ಕೆ ಚಿನ್ನದ ಹೊಳಪು, ಹಿಂದೆ ಬೆಂಕಿ, ಕೆಳಗೆ ಹೊಗೆ. ‘ಇದು ಬೇಕಣ್ಣ.’ ವ್ಯಾಪಾರ ಬಿಟ್ಟು ಧರ್ಮ ಹೇಳುವಷ್ಟು ಸ್ಥಿತಿವಂತ ನಾನಲ್ಲ. ಹೊಡೆದುಕೊಡುತ್ತೇನೆ.

ಹೋದ ವರ್ಷ ಹಬ್ಬಕ್ಕೆ ಮುಂಚೆ ಅಂಥದೊಂದು ಸಂಘದ ಹುಡುಗನ ತಾಯಿ ಹಳೆಯ ಶರ್ಟು ಹಿಡಿದು ಬಂದರು. ಬೆನ್ನ ಮೇಲಿನ ಗಣಪತಿಯ ಸೊಂಡಿಲು ಬಿರುಕು ಬಿಟ್ಟಿತ್ತು, ಒಂದು ಕಿವಿಯ ಅಂಚು ಎದ್ದಿತ್ತು.

‘ದೇವ್ರನ್ನ ಮಾತ್ರ ತೆಗೆದು ಕೊಡಪ್ಪ’ ಅಂದರು.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಪ್ರೆಸ್ಸಿಗೆ ಇಟ್ಟು, ಟೆಫ್ಲಾನ್ ಶೀಟ್ ಮುಚ್ಚಿ, ಅಂಟು ಮೆತ್ತಗಾಗುವಷ್ಟು ಬಿಸಿ ಕೊಟ್ಟೆ. ಬಿಸಿ ಇದ್ದಂತೆಯೇ ಚಿಮಟದಲ್ಲಿ ಕಿವಿಯ ಅಂಚು ಹಿಡಿದು ಎಳೆದರೆ ಗಣಪತಿ ಅಂಗೈ ಅಗಲದ ತುಣುಕುಗಳಾಗಿ ಎದ್ದು ಬಂದ. ಸಬ್ಲಿಮೇಷನ್ ಆಗಿದ್ದರೆ ಇದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ ಎಂದು ಯೋಚಿಸುತ್ತಲೇ ಉಳಿದ ಅಂಟನ್ನು ಥಿನ್ನರಿನಲ್ಲಿ ಒರೆಸಿದೆ. ಬಟ್ಟೆಯ ಮೇಲೆ ಪ್ರೆಸ್ಸಿನ ಹೊಳೆಯುವ ಚೌಕ ಉಳಿಯಿತು, ಅಷ್ಟೆ. ಆಕೆ ತುಣುಕುಗಳನ್ನೆಲ್ಲ ನ್ಯೂಸ್ ಪೇಪರಿನಲ್ಲಿ ಆರಿಸಿಕೊಂಡು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಎಲ್ಲಿಗೆ ಒಯ್ಯುತ್ತೀರಿ ಎಂದು ನಾನು ಕೇಳಲಿಲ್ಲ. ಶರ್ಟನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

‘ಇನ್ನು ನೆಲ ಒರ್ಸೋಕೆ ಹಾಕ್ಬೋದಲ್ಲ?’

‘ಹಾಕ್ಬೋದಮ್ಮ. ಆದ್ರೆ ನಿಮ್ಮ ಹುಡುಗ್ರು ತಗೊಂಡಿರೋದು ಡಾಟ್ ನಿಟ್ಟು, ಪಾಲಿಯೆಸ್ಟರು. ನೀರು ಹೀರಲ್ಲ.’

‘ಅಯ್ಯೋ, ಇದನ್ನ ಮೊದ್ಲೇ ಹೇಳ್ಬಾರ್ದಾ?’ ಅಂದರು. ಕೆಲಸಕ್ಕೆ ಎಷ್ಟಾಯಿತು ಎಂದು ಕೇಳಿ, ಹೇಳಿದ್ದರಲ್ಲಿ ಹತ್ತು ರೂಪಾಯಿ ಕಡಿಮೆ ಕೊಟ್ಟು ಹೊರಟರು.